ಎಡಗಡೆ ಸೀಟಿನ ಬ್ರೇಕು

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಕೂಗಾಡುವ ಜಾಗಗಳು ಸುಮಾರು ಬರುತ್ತವೆ. ಜೆ.ಪಿ. ನಗರ ಎರಡನೇ ಹಂತದಲ್ಲಿ ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಏನೂ ಗೊತ್ತಿಲ್ಲದವರ ಕೈಗೆ ಸ್ಟೀರಿಂಗ್ ಕೊಟ್ಟು, ಪಕ್ಕದಲ್ಲಿ ಕೂತು, ಸಾರಕ್ಕಿ ಸಿಗ್ನಲ್ ದಾಟಿ ಜೀವಸಮೇತ ವಾಪಸ್ ಬರುವ ಕೆಲಸ ಇದು. ಸಮಾಧಾನದ ಮನುಷ್ಯ ಈ ಕೆಲಸಕ್ಕೆ ಬಂದರೆ ಒಂದು ವಾರದಲ್ಲಿ ಓಡಿಹೋಗುತ್ತಾನೆ.

ನನ್ನ ಕಾರಿನಲ್ಲಿ ಎಡಗಡೆ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಕಲಿಯುವವರು ಬ್ರೇಕ್ ಮರೆತಾಗ ನಾನು ಇತ್ತಲಿಂದ ಒತ್ತುತ್ತೇನೆ, ಕಾರು ನಿಲ್ಲುತ್ತದೆ. ಪ್ರಪಂಚದಲ್ಲಿ ನಾನು ಪೂರ್ತಿ ನಂಬಿದ್ದು ಅದೊಂದನ್ನೇ. ಉಳಿದದ್ದೆಲ್ಲ ನನಗೆ ಅನುಮಾನವೇ. ತ್ಯಾಗರಾಜನಗರದ ನಮ್ಮ ಮನೆಗೆ ಬೀಗ ಹಾಕಿದರೆ ಮೂರು ಸಲ ಜಗ್ಗಿ ನೋಡುತ್ತೇನೆ, ಬೀದಿಯ ತುದಿಯವರೆಗೆ ಹೋಗಿ ವಾಪಸ್ ಬಂದು ನಾಲ್ಕನೇ ಸಲ ಜಗ್ಗುತ್ತೇನೆ. ಸಂಜೆ ದೇವರಿಗೆ ದೀಪ ಹಚ್ಚಿ, ಅದು ಆರುವವರೆಗೂ ಬೆಂಕಿ ಹತ್ತೀತು ಅಂತ ಮುಂದೆ ಕೂತು ಕಾಯುತ್ತೇನೆ.

"ಅದು ಭಕ್ತಿನಾ, ವಾಚ್‌ಮನ್ ಕೆಲಸನಾ?" ಎಂದು ನನ್ನ ಹೆಂಡತಿ ರೇಖಾ ಕೇಳುತ್ತಾಳೆ.

ಇಂಥವನ ಕಾರಿಗೆ ಹೋದ ಅಕ್ಟೋಬರ್‌ನಲ್ಲಿ ಸುಧಾಮಣಿ ಮೇಡಂ ಬಂದು ಹತ್ತಿದರು. ಐವತ್ತೇಳು ವರ್ಷ, ಜರಗನಹಳ್ಳಿಯಲ್ಲಿ ಮನೆ. ಹೆರಿಗೆ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ರಿಟೈರ್ ಆದವರು. ಗಿಡ್ಡಗೆ, ಗುಂಡಗೆ, ಕಾಟನ್ ಸೀರೆ, ಕೈಯಲ್ಲಿ ಒಂದು ದೊಡ್ಡ ಚೀಲ. ಸೀಟನ್ನು ಮುಂದಕ್ಕೆ ಎಳೆದು, ಬೆಲ್ಟ್ ಹಾಕಿಕೊಂಡು, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟರು. ಪರವಾಗಿಲ್ಲ, ಶಿಸ್ತು ಇದೆ ಅಂದುಕೊಂಡೆ. ಅಷ್ಟರಲ್ಲಿ ಕಣ್ಣು ಮುಚ್ಚಿಬಿಟ್ಟರು.

"ಕರ್ತನೇ, ಈ ಕಾರನ್ನ ಆಶೀರ್ವದಿಸು. ರಸ್ತೆ ದಾಟೋರನ್ನ ಕಾಪಾಡು. ಎದುರುಗಡೆ ಬರೋ ಬಸ್ಸಿನ ಡ್ರೈವರಣ್ಣಂಗೆ ಒಳ್ಳೆ ಕಣ್ಣು ಕೊಡು. ಫುಟ್‌ಪಾತ್ ಮೇಲೆ ವ್ಯಾಪಾರ ಮಾಡೋರನ್ನ..."

ಹೀಗೆ ಮೂರು ನಿಮಿಷ. ಅವರು ಪ್ರಾರ್ಥಿಸಿದ ಪಟ್ಟಿಯಲ್ಲಿದ್ದವರೆಲ್ಲ ಅವರಿಂದಲೇ ಅಪಾಯ ಇದ್ದವರು ಎಂಬುದು ನನಗೆ ಆಮೇಲೆ ಹೊಳೆಯಿತು. ಆಮೆನ್ ಅಂದವರೇ ಕ್ಲಚ್ಚಿನಿಂದ ಕಾಲು ತೆಗೆದರು. ಕಾರು ನೆಗೆದು ಎಳನೀರಿನ ಗಾಡಿಯ ಕಡೆ ನುಗ್ಗಿತು. ನಾನು ನನ್ನ ಬ್ರೇಕನ್ನು ಒದ್ದೆ. ಎಳನೀರು ಕೊಚ್ಚುತ್ತಿದ್ದ ಶಿವವ್ವ ಮಚ್ಚು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

"ನೋಡಿದ್ರಾ ಸಾರ್! ದೇವರು ನಿಲ್ಲಿಸಿದ್ರು," ಎಂದರು ಸುಧಾಮಣಿ ಮೇಡಂ. ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.

"ದೇವರಲ್ಲ ಮೇಡಂ, ನಾನು! ಇಲ್ಲಿ ನೋಡಿ, ಕಾಲು. ಇದು ನನ್ನ ಕಾಲು!"

"ಹೌದು ಸಾರ್. ಆ ಕಾಲನ್ನ ಸರಿಯಾದ ಟೈಮಿಗೆ ಅಲ್ಲಿಟ್ಟಿದ್ದು ಯಾರು?"

ನಾನು ಇಳಿದು ಶಿವವ್ವನಿಗೆ ಕೈ ಮುಗಿದು ಬಂದೆ.

ಎರಡು ತಿಂಗಳು ಇದೇ ಕಥೆ ನಡೆಯಿತು. ಬನಶಂಕರಿ ಕಡೆ ಹೋದರೆ ಬಸ್ಸಿನ ಹಿಂದೆ ನಾನು ನಿಲ್ಲಿಸಬೇಕು. ಜಯನಗರದ ಕಡೆ ಹೋದರೆ ಹೂವಿನವರ ಬುಟ್ಟಿಯ ಮುಂದೆ ನಾನು ನಿಲ್ಲಿಸಬೇಕು. ಪ್ರತಿ ಸಲವೂ ಈಯಮ್ಮ ಎರಡೂ ಕೈ ಸ್ಟೀರಿಂಗಿನಿಂದ ಮೇಲೆತ್ತಿ "ಸ್ತೋತ್ರ!" ಅನ್ನುವುದು. ಕೈ ಬಿಡಬೇಡಿ ಮೇಡಂ ಕೈ ಬಿಡಬೇಡಿ ಎಂದು ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು. ನಿಲ್ಲಿಸಿದವನು ನಾನು, ಹೆಸರು ಇನ್ನೊಬ್ಬರಿಗೆ. ಈ ವಯಸ್ಸಿನಲ್ಲಿ ದೇವರ ಜೊತೆ ಪೈಪೋಟಿ ಮಾಡಬೇಕಾಗಿ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಇದು ಸಾಲದೆಂಬಂತೆ ಅವರು ಚೀಲದಲ್ಲಿ ಬಿಪಿ ಮಷೀನ್ ಇಟ್ಟುಕೊಂಡು ಬರಲು ಶುರುಮಾಡಿದರು. ಕ್ಲಾಸ್ ಮುಗಿದ ಮೇಲೆ ಕಾರು ಮರದ ಕೆಳಗೆ ನಿಲ್ಲಿಸಿ, ನನ್ನ ತೋಳಿಗೆ ಪಟ್ಟಿ ಸುತ್ತಿ, ಉಸ್ ಉಸ್ ಅಂತ ಗಾಳಿ ತುಂಬುವುದು.

"ನೂರ ಅರವತ್ತೆಂಟು ಸಾರ್. ನಾಳೆ ನಾವು ಸಿಗ್ನಲ್ ಕಡೆ ಹೋಗೋದು ಬೇಡ, ಒಳಗಡೆ ರೋಡಲ್ಲೇ ಓಡಿಸ್ತೀನಿ. ನಿಮ್ಮ ಆರೋಗ್ಯ ಮುಖ್ಯ."

"ನನ್ನ ಬಿಪಿಗೆ ಕಾರಣವೇ ನೀವು ಮೇಡಂ!"

"ಸಿಟ್ಟು ಮಾಡ್ಕೋಬೇಡಿ, ಇನ್ನೊಂದ್ಸಲ ನೋಡ್ತೀನಿ," ಎಂದು ಮತ್ತೆ ಗಾಳಿ ತುಂಬಿದರು. ನೂರ ಎಪ್ಪತ್ತನಾಲ್ಕು ಬಂತು.

ಡಿಸೆಂಬರ್ ಹೊತ್ತಿಗೆ ನನಗೆ ಸಾಕಾಯಿತು. ಈ ಹೆಂಗಸಿಗೆ ಡ್ರೈವಿಂಗ್ ಬರುವುದಿಲ್ಲ, ಮನೆಯವರಿಗೆ ತಿಳಿಹೇಳಿ ಬಿಡಿಸಿಬಿಡೋಣ ಎಂದು ಒಂದು ದಿನ ಜರಗನಹಳ್ಳಿಯ ಅವರ ಮನೆಗೇ ಹೋದೆ. ಅವರ ಮನೆ ಎದುರಿನ ಗ್ಯಾರೇಜು ನನ್ನ ಭಾವಮೈದ ಮಾಧವನದು. ನನ್ನ ಕಾರಿನ ಎಡಗಡೆ ಬ್ರೇಕನ್ನು ಕೂರಿಸಿದ್ದೂ ಅವನೇ. ಅವನ ಬಾಯಿಗೆ ಸಿಕ್ಕಿದರೆ ಅರ್ಧ ದಿನ ಹಾಳು ಅಂತ ತಲೆ ತಗ್ಗಿಸಿಕೊಂಡು ಮನೆಯೊಳಗೆ ನುಸುಳಿದೆ. ಅಂಗಳದಲ್ಲಿ ಟಾರ್ಪಾಲು ಹೊದಿಸಿದ ಒಂದು ಹಳೆಯ ಓಮ್ನಿ ವ್ಯಾನು ನಿಂತಿತ್ತು.

ಒಳಗೆ ಸುಧಾಮಣಿ ಮೇಡಂ ಅವರ ಗಂಡ ಪ್ರಸನ್ನಕುಮಾರ್ ಇದ್ದರು. ಒಳ್ಳೆಯ ಮನುಷ್ಯ, ದಪ್ಪ ಕನ್ನಡಕ, ನನ್ನ ಕಡೆ ನೋಡಿ ಮಾತಾಡುತ್ತಿದ್ದರೂ ಅವರ ನೋಟ ನನ್ನ ಕಿವಿಯ ಪಕ್ಕಕ್ಕೆ ಹೋಗುತ್ತಿತ್ತು. ವಿಷಯ ಗೊತ್ತಾಗಿದ್ದು ಆಗಲೇ. ಹನ್ನೆರಡು ವರ್ಷ ಪ್ರತಿ ಭಾನುವಾರ ಇವರೇ ಆ ವ್ಯಾನಿನಲ್ಲಿ ತಮ್ಮ ತಾಯಿಯನ್ನೂ ಹಿಂದಿನ ಬೀದಿಯ ಇಬ್ಬರು ಅಜ್ಜಿಯರನ್ನೂ ಜಯನಗರದ ಕಡೆ ಇರುವ ಅವರ ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಹೋದ ಬೇಸಿಗೆಯಲ್ಲಿ ಗ್ಲಾಕೋಮಾ ಅಂತ ಡಾಕ್ಟರು ಹೇಳಿದರು, ಡ್ರೈವಿಂಗ್ ಬಂದ್. ಆಟೋ ಕರೆದರೆ ಅಜ್ಜಿಯರ ವಾಕರ್ ನೋಡಿದ ಕೂಡಲೇ ಹೊರಟುಹೋಗುತ್ತಾರೆ. ಆ್ಯಪಿನಲ್ಲಿ ಬುಕ್ ಮಾಡಿದರೆ ಗೇಟಿನವರೆಗೆ ಬಂದು ಕ್ಯಾನ್ಸಲ್. ಮೂವರೂ ಅಜ್ಜಿಯರು ಎಂಟು ತಿಂಗಳಿಂದ ಚರ್ಚಿನ ಮೆಟ್ಟಿಲು ನೋಡಿರಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಪ್ರಸನ್ನಕುಮಾರ್ ಅವರ ತಾಯಿ ಜ್ಞಾನಮ್ಮ ಕೂತಿದ್ದರು. ಎಂಬತ್ತಾರು ವರ್ಷ. ಕಾಲು ಹೋಗಿದೆ, ಬಾಯಿ ಗಟ್ಟಿಯಾಗಿದೆ.

"ನಮ್ಮ ಅಯ್ಯನೋರು ತಿಂಗ್ಳಿಗೊಂದ್ಸಲ ಮನೆಗೇ ಬಂದು ಪ್ರಭುಭೋಜನ ಕೊಟ್ಟು ಹೋಗ್ತಾರೆ. ಒಳ್ಳೇವ್ರು, ಪಾಪ," ಎಂದರು ಅಜ್ಜಿ. ಅಯ್ಯನವರು ಅಂದರೆ ಅವರ ಚರ್ಚಿನ ಪಾದ್ರಿ, ಪ್ರಭುಭೋಜನ ಅಂದರೆ ಯೇಸುವಿನ ನೆನಪಿಗೆ ಚರ್ಚಿನಲ್ಲಿ ಎಲ್ಲರೂ ತೆಗೆದುಕೊಳ್ಳುವ ರೊಟ್ಟಿ, ದ್ರಾಕ್ಷಾರಸ. "ಆದ್ರೆ ಅದು ಪಾರ್ಸೆಲ್ ಕಣಪ್ಪಾ! ಎಲ್ಲರ ಜೊತೆ ಸಾಲಾಗಿ ತಗೊಳ್ಳೋ ಊಟಾನ ಒಬ್ಬಳೇ ಮಂಚದ ಮೇಲೆ ಕೂತ್ಕೊಂಡು ಪಾರ್ಸೆಲ್ ತಿನ್ನೋದಾ? ಹಣೆ ನೋಡಿದ್ರೆ ನೀನು ಬ್ರಾಹ್ಮಣ, ಪಂಕ್ತಿ ಊಟ ಅಂದ್ರೆ ಏನು ಅಂತ ಗೊತ್ತು. ನೀನೇ ಹೇಳು."

"ತಪ್ಪಮ್ಮ," ಎಂದೆ.

"ಈಸ್ಟರ್‌ಗೆ ಕರ್ಕೊಂಡು ಹೋಗ್ತೀನಿ ಅಂತ ಸುಧಾ ಮಾತು ಕೊಟ್ಟಿದ್ದಾಳೆ. ಮೂರನೇ ಬೆಂಚು, ಕಂಬದ ಪಕ್ಕ, ನಂದೇ ಜಾಗ. ನಲ್ವತ್ತು ವರ್ಷದಿಂದ ಅಲ್ಲೇ ಕೂತಿದ್ದೀನಿ. ಅದರ ಮುಂದಿನ ಈಸ್ಟರ್ ಹೊತ್ತಿಗೆ ನಾನೆಲ್ಲಿರ್ತೀನೋ ಯಾರಿಗ್ಗೊತ್ತು. ಚೆನ್ನಾಗಿ ಕಲಿಸಪ್ಪಾ. ಬೈದು ಕಲಿಸು, ಪರವಾಗಿಲ್ಲ. ಅವಳಿಗೆ ಬೈಸ್ಕೊಂಡು ಅಭ್ಯಾಸ ಇದೆ, ನನ್ನ ಸೊಸೆ."

ಬಿಡಿಸಲು ಹೋದವನು ಕಾಫಿ ಕುಡಿದು, ವಾರಕ್ಕೆ ಮೂರು ಕ್ಲಾಸು ಇದ್ದದ್ದನ್ನು ಐದು ಮಾಡುತ್ತೇನೆ ಎಂದು ಹೇಳಿ ಬಂದೆ.

ಜನವರಿ, ಫೆಬ್ರವರಿ ಕಳೆದವು. ಸುಧಾಮಣಿ ಮೇಡಂ ಗೇರು ಹಾಕುವುದು ಕಲಿತರು, ರಿವರ್ಸ್ ಕಲಿತರು, ಕನಕಪುರ ರಸ್ತೆಯಲ್ಲಿ ಲೇನ್ ಬದಲಿಸುವುದನ್ನೂ ಕಲಿತರು. ಬ್ರೇಕು ಮಾತ್ರ ಕಲಿಯಲಿಲ್ಲ. ನಿಲ್ಲಬೇಕಾದ ಜಾಗ ಬಂದರೆ ಅವರ ಕಾಲು ಅರ್ಧ ಕ್ಷಣ ತಡೆಯುತ್ತಿತ್ತು, ಅಷ್ಟರಲ್ಲಿ ನನ್ನ ಕಾಲು ಕೆಲಸ ಮುಗಿಸಿಬಿಡುತ್ತಿತ್ತು.

ಮಾರ್ಚಿನಲ್ಲಿ ಮೊದಲನೇ ಟೆಸ್ಟು. ಇನ್ಸ್‌ಪೆಕ್ಟರು "ಸ್ಟಾರ್ಟ್ ಮಾಡಿ" ಎಂದರು, ಇವರು ಕಣ್ಣು ಮುಚ್ಚಿದರು. ಎದುರು ಬರುವ ಬಸ್ಸಿನ ಡ್ರೈವರಣ್ಣನವರೆಗೂ ಪ್ರಾರ್ಥನೆ ತಲುಪುವ ಮೊದಲೇ ಇನ್ಸ್‌ಪೆಕ್ಟರು "ಏನ್ರೀ, ಈಯಮ್ಮಂಗೆ ಹುಷಾರಿಲ್ವಾ?" ಎಂದು ಮುಂದಿನವರನ್ನು ಕರೆದರು. ಫೇಲ್. ಅಂದಿನಿಂದ ಪ್ರಾರ್ಥನೆಯನ್ನು ಮನೆಯಲ್ಲೇ ಮುಗಿಸಿಕೊಂಡು ಬರಬೇಕೆಂದು ಒಪ್ಪಂದವಾಯಿತು.

ಎರಡನೇ ಟೆಸ್ಟಿಗೆ ಬಂದ ಇನ್ಸ್‌ಪೆಕ್ಟರು ಬೇರೆಯವರು, ಚುರುಕು ಮನುಷ್ಯ. ಕಿಟಕಿಯೊಳಗೆ ತಲೆ ಹಾಕಿ ನನ್ನ ಕಾಲನ್ನೇ ನೋಡಿದರು.

"ಮೇಷ್ಟ್ರೇ, ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಕೊಳ್ಳಿ. ಟೆಸ್ಟು ನಿಮಗಲ್ಲ, ಅವರಿಗೆ."

ಇಪ್ಪತ್ತಾರು ವರ್ಷದಲ್ಲಿ ನನಗೆ ಇಂಥ ಅವಮಾನ ಆಗಿರಲಿಲ್ಲ. ಊಟಕ್ಕೆ ಕೂತವನ ಹಾಗೆ ಚಕ್ಕಳಮಕ್ಕಳ ಹಾಕಿ ಕೂತೆ. ಟೆಸ್ಟು ನಡೆಯುವ ಮೈದಾನದ ತುದಿಯಲ್ಲಿ ಒಂದು ದಿಬ್ಬ ಮಾಡಿದ್ದಾರೆ, ಅದರ ಅರ್ಧಕ್ಕೆ ಹತ್ತಿ ನಿಲ್ಲಿಸಬೇಕು. ಸುಧಾಮಣಿ ಮೇಡಂ ಹತ್ತಿಸಿದರು. ಕಾರು ಹಿಂದಕ್ಕೆ ಜಾರತೊಡಗಿತು. ಈಯಮ್ಮ ಬ್ರೇಕು ಒತ್ತುವುದು ಬಿಟ್ಟು ತಿರುಗಿ ನನ್ನ ಮುಖ ನೋಡುತ್ತಿದ್ದಾರೆ! ನಾನು ಮಡಚಿದ ಕಾಲು ಬಿಡಿಸಿಕೊಳ್ಳುವಷ್ಟರಲ್ಲಿ ಕಾರು ದಿಬ್ಬದ ಬುಡಕ್ಕೆ ಬಂದು ಮರಳಿನ ಮೂಟೆಗೆ ತಾಗಿ ನಿಂತಿತು.

"ನನ್ನ ಮುಖದಲ್ಲಿ ಬ್ರೇಕ್ ಇದೆಯಾ ಮೇಡಂ? ಮುಖದಲ್ಲಿ ಬ್ರೇಕ್ ಇದೆಯಾ?" ಎಂದು ನಾನು ವಾಪಸ್ ಬರುವ ದಾರಿಯುದ್ದಕ್ಕೂ ಕೂಗಿದೆ. ಅವತ್ತು ಮಾತ್ರ ಅವರು ಸ್ತೋತ್ರ ಅನ್ನಲಿಲ್ಲ, ಬಿಪಿ ನೋಡಲಿಲ್ಲ. ಮನೆ ಹತ್ತಿರ ಬಂದಾಗ ಸಣ್ಣ ದನಿಯಲ್ಲಿ ಹೇಳಿದರು:

"ಹೆರಿಗೆ ವಾರ್ಡಲ್ಲಿ ಕೆಲವು ತಾಯಂದಿರು ಹೀಗೇ ಮಾಡ್ತಾರೆ ಸಾರ್. ಪಕ್ಕದಲ್ಲಿ ನಾನಿದ್ದೀನಲ್ಲ ಅಂತ ನನ್ನ ಕೈ ಹಿಡ್ಕೊಂಡು ನನ್ನ ಮುಖ ನೋಡ್ತಾ ಮಲ್ಕೊಂಡಿರ್ತಾರೆ. ನಾನು ತಳ್ಳಿದ್ರೆ ಮಗು ಬರುತ್ತಾ? ಅಂಥವ್ರಿದ್ದಾಗ ನಾನು ಕೈ ಬಿಡಿಸ್ಕೊಂಡು ರೂಮಿಂದ ಆಚೆ ಹೋಗಿ ನಿಂತ್ಕೋತಿದ್ದೆ."

ನನಗೆ ಆಗ ಸಿಟ್ಟು ನೆತ್ತಿಗೇರಿತ್ತು. ಇದೆಲ್ಲ ಯಾಕೆ ಹೇಳುತ್ತಿದ್ದಾರೆ ಎಂದು ನಾನು ಕೇಳಲಿಲ್ಲ.

ಇದಾಗಿದ್ದು ಶುಕ್ರವಾರ. ಭಾನುವಾರ ಏನು ಮಾಡಿದರು ಗೊತ್ತೇ ಆ ಪುಣ್ಯಾತ್ಗಿತ್ತಿ? ಅವರ ಚರ್ಚಿನಲ್ಲಿ ಒಂದು ಪದ್ಧತಿ ಇದೆ. ಮಗು ಹುಟ್ಟಿದರೆ, ಪರೀಕ್ಷೆ ಪಾಸಾದರೆ, ಕಾಯಿಲೆ ವಾಸಿಯಾದರೆ ಒಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ, ಅಯ್ಯನವರು ಅದನ್ನು ಎಲ್ಲರ ಮುಂದೆ ಓದಿ ಸ್ತೋತ್ರ ಹೇಳುತ್ತಾರೆ. ಇವರು ಬಸ್ಸಿನಲ್ಲಿ ಒಬ್ಬರೇ ಚರ್ಚಿಗೆ ಹೋಗಿ, ಎರಡನೇ ಸಲ ಫೇಲಾದ ಎರಡೇ ದಿನಕ್ಕೆ, ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ್ದಕ್ಕೆ ದೇವರಿಗೆ ಸ್ತೋತ್ರ ಎಂದು ಚೀಟಿ ಬರೆದುಕೊಟ್ಟಿದ್ದಾರೆ! ಅಯ್ಯನವರು ಓದಿದ್ದಾರೆ. ಇಡೀ ಸಭೆ ಚಪ್ಪಾಳೆ ತಟ್ಟಿದೆ. ಈಸ್ಟರ್‌ಗೆ ಜ್ಞಾನಮ್ಮನವರು ಬರುತ್ತಾರಂತೆ ಎಂದು ಕಂಬದ ಪಕ್ಕದ ಜಾಗದಲ್ಲಿ ಯಾರೂ ಕೂರಬಾರದೆಂದು ಆಗಲೇ ಹೇಳಿಟ್ಟಿದ್ದಾರೆ.

"ಇದು ಸುಳ್ಳಲ್ವಾ ಮೇಡಂ?" ಎಂದು ಸೋಮವಾರ ಕಾರಿನಲ್ಲಿ ಕೇಳಿದೆ. ನನಗೆ ಉಸಿರೇ ಸರಿಯಾಗಿ ಬರುತ್ತಿರಲಿಲ್ಲ.

"ಸುಳ್ಳಲ್ಲ ಸಾರ್, ಅಡ್ವಾನ್ಸ್. ಕೈಗೆ ಬಂದ್ಮೇಲೆ ಥ್ಯಾಂಕ್ಸ್ ಹೇಳಕ್ಕೆ ನಂಬಿಕೆ ಯಾಕೆ ಬೇಕು?"

"ಬರದೇ ಹೋದ್ರೆ?"

"ಅದನ್ನ ನೆನೆಸ್ಕೊಂಡ್ರೆ ನನಗೂ ನಿದ್ದೆ ಬರಲ್ಲ ಸಾರ್," ಎಂದರು. "ಅತ್ತೆ ಹೊಸ ಸೀರೆಗೆ ಫಾಲ್ ಹಾಕಿಸಿ ದಿಂಬಿನ ಕೆಳಗಿಟ್ಕೊಂಡಿದ್ದಾರೆ. ನಾನು ಚೀಟಿ ಬರೀಬಾರದಿತ್ತು ಅನ್ಸತ್ತೆ. ಬರೆದಾಗೋಯ್ತು."

ದೇವರಾಣೆ, ಆ ಹೆಂಗಸಿಗೂ ಭಯ ಇದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಅಲ್ಲಿಯವರೆಗೂ ಅವರ ನಂಬಿಕೆ ನೋಡಿ ನನಗೆ ಮೈ ಉರಿಯುತ್ತಿತ್ತು. ಅವತ್ತು ನಾನೇ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟೆ. ಮೂರನೇ ಟೆಸ್ಟಿನಲ್ಲಿ ಇನ್ಸ್‌ಪೆಕ್ಟರು ಯಾರೇ ಇರಲಿ, ನನ್ನ ಕಾಲು ಕೆಲಸ ಮಾಡುತ್ತದೆ. ತಪ್ಪು ಅಂತ ಗೊತ್ತಿತ್ತು. ಆದರೂ ಅಜ್ಜಿ ಪಾರ್ಸೆಲ್ ತಿನ್ನಬಾರದು.

ಟೆಸ್ಟು ಈಸ್ಟರ್ ಭಾನುವಾರಕ್ಕೆ ಮುಂಚಿನ ಮಂಗಳವಾರ ಬಿತ್ತು. ಹಿಂದಿನ ದಿನ ಕಾರನ್ನು ಸರ್ವೀಸಿಗೆಂದು ಮಾಧವನ ಗ್ಯಾರೇಜಿಗೆ ಕೊಟ್ಟಿದ್ದೆ. ಬೆಳಿಗ್ಗೆ ಅವನಿಂದ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜು ಬಂದಿತ್ತು, ಐದು ನಿಮಿಷದ್ದು. ಮಾಧವನ ಮೆಸೇಜು ಅಂದರೆ ಎರಡು ನಿಮಿಷ ಹವಾಮಾನ, ಎರಡು ನಿಮಿಷ ಅವನ ಸೊಂಟ ನೋವು, ಕೊನೆಗೆ ವಿಷಯ. ನಾನು ಯಾವತ್ತೂ ಕೇಳುವುದಿಲ್ಲ, ಅವತ್ತೂ ಕೇಳಲಿಲ್ಲ. ಕಾರು ತೆಗೆದುಕೊಂಡು ಸೀದಾ ಮೈದಾನಕ್ಕೆ ಹೋದೆ. ಸುಧಾಮಣಿ ಮೇಡಂ ಗಂಡನ ಜೊತೆ ಬಸ್ಸಿನಲ್ಲಿ ಬಂದು ಆಗಲೇ ಮರದ ಕೆಳಗೆ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

ಅವತ್ತಿನ ಇನ್ಸ್‌ಪೆಕ್ಟರು ಕಾರಿನ ಹತ್ತಿರವೇ ಬರಲಿಲ್ಲ. ದೂರದಲ್ಲಿ ನಿಂತು ಕೈಯಲ್ಲಿದ್ದ ಪ್ಯಾಡಿನಿಂದಲೇ ಹೋಗಿ ಎಂದು ಸನ್ನೆ ಮಾಡಿದರು. ನನ್ನ ಕಾಲಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಬ್ರೇಕಿನ ಮೇಲೆ ಬಲಗಾಲು ಇಟ್ಟುಕೊಂಡು ಸಿದ್ಧನಾಗಿ ಕೂತೆ.

ಎಂಟರ ಆಕಾರದಲ್ಲಿ ಓಡಿಸಿದರು, ಚೆನ್ನಾಗಿತ್ತು. ರಿವರ್ಸ್ ಮಾಡಿದರು, ಚೆನ್ನಾಗಿತ್ತು. ದಿಬ್ಬದ ಮೇಲೆ ಕಾರು ನಿಂತಿತು, ಒಂದಿಂಚೂ ಜಾರಲಿಲ್ಲ. ಅಲ್ಲಿ ನಾನು ಒತ್ತಿದೆನೋ ಇಲ್ಲವೋ ನನಗೇ ನೆನಪಿಲ್ಲ, ನನ್ನ ಕಣ್ಣೆಲ್ಲ ಇನ್ಸ್‌ಪೆಕ್ಟರ ಮೇಲೇ ಇತ್ತು. ಕೊನೆಯ ಸುತ್ತು ಬಾಕಿ ಇತ್ತು. ಆಗ ಇನ್ಸ್‌ಪೆಕ್ಟರಿಗೆ ಫೋನ್ ಬಂತು. ಮಗಳ ಮದುವೆ ಛತ್ರದ ವಿಷಯವೇನೋ, "ಊಟದೋರು ಅವ್ರು ಬೇಡ್ರೀ" ಎಂದು ಜೋರಾಗಿ ಮಾತಾಡುತ್ತ, ನೆಲ ನೋಡಿಕೊಂಡು, ಸೀದಾ ಟ್ರ್ಯಾಕಿನೊಳಗೆ ನಡೆದು ನಮ್ಮ ಕಾರಿನ ಮುಂದಕ್ಕೇ ಬಂದುಬಿಟ್ಟರು!

ನಾನು ಬ್ರೇಕು ಒದ್ದೆ.

ಪೆಡಲು ನೆಲ ಮುಟ್ಟಿತು. ದೋಸೆಹಿಟ್ಟಿನಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಇಪ್ಪತ್ತಾರು ವರ್ಷ ನಾನು ನಂಬಿದ್ದ ಒಂದೇ ಒಂದು ವಸ್ತು! "ಅಯ್ಯೋ ರಾಯರೇ!" ಎಂದು ಕಣ್ಣು ಮುಚ್ಚಿಕೊಂಡೆ. ಹೌದು, ನಾನೇ ಮುಚ್ಚಿಕೊಂಡೆ.

ತೆರೆದಾಗ ಕಾರು ನಿಂತಿತ್ತು. ಇನ್ಸ್‌ಪೆಕ್ಟರ ಹೊಟ್ಟೆಗೂ ಬಂಪರಿಗೂ ಮಧ್ಯೆ ಒಂದು ಮೊಳ ಜಾಗ. ಅವರು ಫೋನ್ ಕಿವಿಯಲ್ಲಿಟ್ಟುಕೊಂಡೇ ನಮ್ಮನ್ನು ನೋಡಿದರು, ಬಂಪರನ್ನು ನೋಡಿದರು. "ಆಮೇಲೆ ಮಾಡ್ತೀನಿ ಇರ್ರೀ," ಎಂದು ಫೋನ್ ಇಟ್ಟರು.

"ಬ್ರೇಕ್ ಚೆನ್ನಾಗಿ ಹಾಕ್ತೀರಾ ಅಮ್ಮಾ. ಪಾಸ್," ಎಂದರು.

ಸುಧಾಮಣಿ ಮೇಡಂ ಸ್ತೋತ್ರ ಅನ್ನಲಿಲ್ಲ. ಸ್ಟೀರಿಂಗಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತರು. ಪ್ರಸನ್ನಕುಮಾರ್ ಓಡಿ ಬಂದು ಬೇರೆ ಯಾರದೋ ಕಾರಿನ ಬಾಗಿಲು ತೆಗೆದು ಸಮಾಧಾನ ಮಾಡಲು ಹೋದರು.

ಅವರು ಬಸ್ ಹತ್ತಿದ ಮೇಲೆ ನಾನು ಮಾಧವನ ಮೆಸೇಜು ಹಾಕಿದೆ. ಹವಾಮಾನ ಆಯಿತು, ಸೊಂಟ ಆಯಿತು, ನಾಲ್ಕು ನಿಮಿಷದ ಹತ್ತಿರ "ಭಾವ, ಎಡಗಡೆ ಬ್ರೇಕಿನ ಕೇಬಲ್ ತೆಗೆದಿದ್ದೀನಿ" ಎಂಬಲ್ಲಿಗೆ ಬಂದ ಕೂಡಲೇ ಆಫ್ ಮಾಡಿ ಅವನಿಗೆ ಫೋನ್ ಹಚ್ಚಿ ಹತ್ತು ನಿಮಿಷ ಉಗಿದೆ. ಕೇಬಲ್ ಕಿತ್ತುಹೋಗಿದ್ದರೆ ಕಾರು ಕೊಡಬಾರದಿತ್ತು ಕತ್ತೆ, ಎಂದೆ. "ಮೆಸೇಜು ಪೂರ್ತಿ ಕೇಳಿ ಭಾವ" ಅಂತ ಅವನು ಮಧ್ಯೆ ಮಧ್ಯೆ ಹೇಳುತ್ತಲೇ ಇದ್ದ. ನಾನು ಕೇಳಲಿಲ್ಲ.

ಶನಿವಾರ ಲೈಸೆನ್ಸು ಸುಧಾಮಣಿ ಮೇಡಂ ಅವರ ಫೋನಿಗೆ ಬಂತು. ಸಂಜೆ ನನಗೆ ಫೋನ್ ಮಾಡಿದರು.

"ಸಾರ್, ನಾಳೆ ಒಂದಿನ ಪಕ್ಕದಲ್ಲಿ ಕೂತ್ಕೋತೀರಾ? ಸುಮ್ನೆ. ಧೈರ್ಯಕ್ಕೆ."

ಭಾನುವಾರ ಬೆಳಿಗ್ಗೆ ಓಮ್ನಿಯಲ್ಲಿ ಕೂತೆ. ಹಿಂದಿನ ಸೀಟುಗಳಲ್ಲಿ ಮೂವರು ಅಜ್ಜಿಯರು, ಮೂರು ವಾಕರ್, ಪ್ರಸನ್ನಕುಮಾರ್. ಓಮ್ನಿಯಲ್ಲಿ ಮುಂದೆ ಬಾನೆಟ್ ಎಂಬುದಿಲ್ಲ, ನಮ್ಮ ಮೊಣಕಾಲೇ ಬಂಪರು. ಎಡಗಡೆ ಬ್ರೇಕಂತೂ ಇಲ್ಲವೇ ಇಲ್ಲ. ಜರಗನಹಳ್ಳಿಯಿಂದ ಜಯನಗರದವರೆಗೆ ಪ್ರತಿ ತಿರುವಿನಲ್ಲೂ ನಾನು ಬರೀ ತಗಡಿನ ನೆಲವನ್ನು ಒತ್ತಿದೆ, ಒತ್ತಿ ಒತ್ತಿ ಮೀನಖಂಡ ಹಿಡಿದುಕೊಂಡಿತು.

"ಯಾರದು ಧಡ್ ಧಡ್ ಅಂತ ಒದೀತಿರೋದು?" ಎಂದು ಹಿಂದಿನಿಂದ ಜ್ಞಾನಮ್ಮ ಕೇಳಿದರು.

"ಮೇಷ್ಟ್ರು ಕಣಮ್ಮ," ಎಂದರು ಪ್ರಸನ್ನಕುಮಾರ್.

"ಅವರಿಗೆ ಯಾಕಂತೆ ಭಯ? ಅತ್ತೆ ಆದ ನಾನೇ ಸುಮ್ನೆ ಕೂತಿದ್ದೀನಿ!"

ನಾನು ಹೊರಗೆ ಕಾಯುತ್ತೇನೆ ಅಂದರೂ ಬಿಡಲಿಲ್ಲ, ಒಳಗೆ ಕರೆದುಕೊಂಡು ಹೋದರು. ಮೂರನೇ ಬೆಂಚು, ಕಂಬದ ಪಕ್ಕದ ಜಾಗ ಖಾಲಿ ಇತ್ತು. ಜ್ಞಾನಮ್ಮ ಅಲ್ಲಿ ಕೂತು, ಕಂಬವನ್ನು ಒಂದು ಸಲ ಅಂಗೈಯಲ್ಲಿ ಸವರಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹಾಡುಗಳಾದ ಮೇಲೆ ಸಾಕ್ಷಿ ಹೇಳುವವರು ಹೇಳಬಹುದು ಎಂದರು ಅಯ್ಯನವರು. ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದಕ್ಕೆ ಅವರಲ್ಲಿ ಸಾಕ್ಷಿ ಅನ್ನುತ್ತಾರೆ. ಸುಧಾಮಣಿ ಮೇಡಂ ಎದ್ದರು. ಎರಡು ಸಲ ಫೇಲಾಗಿದ್ದನ್ನೂ, ಮೊದಲೇ ಚೀಟಿ ಬರೆದದ್ದನ್ನೂ ಮುಚ್ಚಿಡದೆ ಹೇಳಿದರು. ಜನ ಗುಸುಗುಸು ನಕ್ಕರು. "ಭಾರ್ಗವ ಸಾರ್ ತಾಳ್ಮೆಯಿಂದ ಕಲಿಸಿದ್ರು" ಎಂದರು. ನನ್ನ ಬಗ್ಗೆ ತಾಳ್ಮೆ ಎಂಬ ಪದ ಯಾರೂ ಬಳಸಿದ್ದಿಲ್ಲ. "ಅವರ ಕಾಲು ನನ್ನ ಪಕ್ಕದಲ್ಲಿ ಇರದಿದ್ರೆ ನಾನು ಎಷ್ಟು ಜನಕ್ಕೆ ಗುದ್ದಿರ್ತಿದ್ನೋ!" ಎಂದು ಕೂತರು.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಓಹೋ, ಮಂಗಳವಾರವೂ ನಾನೇ ನಿಲ್ಲಿಸಿದೆ ಅಂದುಕೊಂಡಿದ್ದಾರೆ ಈಯಮ್ಮ! ಆರು ತಿಂಗಳು ಹೆಸರಿಗಾಗಿ ಜಗಳ ಆಡಿದವನಿಗೆ ಈಗ ತನ್ನದಲ್ಲದ ಹೆಸರು ಬರುತ್ತಿದೆ. ಸುಮ್ಮನೆ ಕೂರಲು ಆಗಲಿಲ್ಲ. ಹಣೆಯಲ್ಲಿ ಅಕ್ಷತೆ, ಅಂಗಾರ ಇಟ್ಟುಕೊಂಡೇ ಎದ್ದು ನಿಂತೆ.

"ಒಂದು ನಿಮಿಷ. ನಾನು ಹೇಳ್ಬೇಕು," ಎಂದೆ. ದನಿ ಅಭ್ಯಾಸಬಲದಿಂದ ಜೋರಾಗಿಯೇ ಬಂತು, ಮುಂದಿನ ಬೆಂಚಿನ ಮಗು ಬೆಚ್ಚಿಬಿತ್ತು. "ಮಂಗಳವಾರ ನನ್ನ ಬ್ರೇಕು ಕೆಲಸ ಮಾಡ್ತಿರಲಿಲ್ಲ. ಕೇಬಲ್ ಇರಲಿಲ್ಲ. ನಾನು ಒದ್ದೆ, ಅದು ಸುಮ್ನೆ ಕೆಳಗೆ ಹೋಯ್ತು. ನಾನು ಕಣ್ಣು ಮುಚ್ಕೊಂಡೆ. ಕಾರು ನಿಲ್ಲಿಸಿದ್ದು ಇವರೇ. ಪೂರ್ತಿ ಇವರೇ. ಇನ್ನೊಂದು ವಿಷಯ. ಟೆಸ್ಟಿನಲ್ಲಿ ಕಳ್ಳತನದಿಂದ ಸಹಾಯ ಮಾಡೋಣ ಅಂತಾನೇ ನಾನು ಕೂತಿದ್ದೆ. ತಪ್ಪಾಯ್ತು. ಅಷ್ಟೇ."

ಮೊದಲು ಜ್ಞಾನಮ್ಮ "ಸ್ತೋತ್ರ!" ಎಂದರು, ಇಡೀ ಸಭೆ "ಸ್ತೋತ್ರ!" ಎಂದಿತು. ನಾನು ಬೆವರು ಒರೆಸಿಕೊಂಡು ಕೂತೆ. ಅಷ್ಟರಲ್ಲಿ ಸುಧಾಮಣಿ ಮೇಡಂ ಮತ್ತೆ ಎದ್ದಿದ್ದರು. ಮುಖ ಕೆಂಪಗಾಗಿತ್ತು.

"ಸಾರ್, ನನ್ನ ಸಾಕ್ಷಿ ಪೂರ್ತಿ ಆಗಿಲ್ಲ. ಕೇಬಲ್ ಕಿತ್ತೋಗಿರಲಿಲ್ಲ. ಸೋಮವಾರ ಸಂಜೆ ನಾನೇ ಮಾಧವಣ್ಣನ ಹತ್ರ ಹೋಗಿ ತೆಗೆಸಿದೆ."

ನಾನು ಅರ್ಧ ಎದ್ದೆ, ಜ್ಞಾನಮ್ಮ ತೋಳು ಹಿಡಿದು ಕೂರಿಸಿದರು. ಮೇಡಂ ಮುಂದುವರಿಸಿದರು.

"ಎರಡನೇ ಟೆಸ್ಟಲ್ಲಿ ಕಾರು ಜಾರಿದಾಗ ನಾನು ಸಾರ್ ಮುಖ ನೋಡಿದೆ. ಆವಾಗ ಗೊತ್ತಾಯ್ತು, ಬಾಯಲ್ಲಿ ದೇವರು ದೇವರು ಅಂತಿದ್ದೀನಿ, ನಂಬಿರೋದು ಮಾತ್ರ ಇವರ ಕಾಲನ್ನ ಅಂತ. ಆ ಕಾಲು ಇರೋವರೆಗೂ ನನ್ನ ಕಾಲು ಏಳಲ್ಲ. ಸಾರ್‌ಗೆ ಹೇಳಿದ್ರೆ ಬಿಪಿ ಏರತ್ತೆ, ಟೆಸ್ಟಿಗೇ ಬಿಡಲ್ಲ. ಅದಕ್ಕೆ ಹೇಳಲಿಲ್ಲ. ಮಾಧವಣ್ಣ ಮೆಸೇಜು ಹಾಕ್ತೀನಿ ಅಂದ್ರು, ಸಾರ್ ಅವರ ಮೆಸೇಜು ಕೇಳಲ್ಲ ಅಂತ ನನಗೆ ಗೊತ್ತಿತ್ತು. ಇದು ಮೋಸ. ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ ಸಾರ್."

ಸಿಟ್ಟು ಬಂತೇ ಎಂದು ರೇಖಾ ಆಮೇಲೆ ಕೇಳಿದಳು. ಬರಬೇಕಿತ್ತು. ನನ್ನ ಕಾರು, ನನ್ನ ಬ್ರೇಕು, ನನಗೇ ಗೊತ್ತಿಲ್ಲದೆ! ಕೂಗಬೇಕೆಂದು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ತಡೆದುಕೊಳ್ಳಲು ಹೋದಷ್ಟೂ ಹೆಚ್ಚಾಯಿತು. ಅಯ್ಯನವರೂ ನಕ್ಕರು. ಇಡೀ ಚರ್ಚು ನಕ್ಕಿತು.

ಪ್ರಭುಭೋಜನದ ಹೊತ್ತಿಗೆ ಮಗ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದುಕೊಂಡು ಜ್ಞಾನಮ್ಮ ವಾಕರ್ ತಳ್ಳುತ್ತ ಮುಂದಕ್ಕೆ ಹೋದರು. ನಾನು ಬೆಂಚಿನಲ್ಲೇ ಕೂತು ನೋಡಿದೆ. ಸಾಲಿನಲ್ಲಿ ಎಲ್ಲರ ಜೊತೆ ಅವರೂ ಕೈ ಚಾಚಿದರು. ವಾಪಸ್ ಬಂದು ಕೂತಾಗ ಅವರ ಕಣ್ಣು ತುಂಬಿತ್ತು.

"ಬಿಸಿಬಿಸಿ ಇತ್ತಪ್ಪಾ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಅದು ಬಿಸಿ ಮಾಡುವ ಪದಾರ್ಥವಲ್ಲ ಎಂದು ನನಗೂ ಗೊತ್ತು. ನನ್ನ ಕಣ್ಣೂ ಒದ್ದೆಯಾಯಿತು.

ವಾಪಸ್ ಹೊರಡುವಾಗ ನಾನು ಓಮ್ನಿಯ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ. ಸುಧಾಮಣಿ ಮೇಡಂ ನನ್ನ ಕಡೆ ನೋಡಿದರು.

"ಹೊರಡೋಣ್ವಾ ಸಾರ್?"

"ಒಂದು ನಿಮಿಷ," ಎಂದೆ. ಚಪ್ಪಲಿ ಬಿಚ್ಚಿದೆ. ಯಾರೂ ಹೇಳದೆಯೇ ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. "ಈಗ ಹೊರಡಿ."

ಸಾರಕ್ಕಿ ಸಿಗ್ನಲ್ಲಿನಲ್ಲಿ ಬಸ್ಸೊಂದು ಅಡ್ಡ ಬಂತು. ನನ್ನ ಕಾಲು ಎದ್ದಿತು, ನಾನು ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ವ್ಯಾನು ನಿಂತಿತು.